ಜ್ವರ ಬಿಟ್ಟರೂ ಬಿಡದ ಎದೆಬಡಿತ: ದೂರದ ಆರೈಕೆ, ಅಳತೆಯ ವ್ಯಾಯಾಮ

ಪ್ರತಿಯೊಂದು ಉದ್ದಿಮೆಯ ಲೆಕ್ಕಪತ್ರದಲ್ಲಿ ಯಂತ್ರೋಪಕರಣಗಳ ಸವಕಳಿಗೆ ಒಂದು ಸ್ಥಾನವಿರುತ್ತದೆ. ಆ ಯಂತ್ರವನ್ನು ನಡೆಸುವ ಮನುಷ್ಯನ ಶಕ್ತಿ ಸವೆದರೆ ಅದನ್ನು ಬರೆದಿಡುವ ಕಲಮು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಅದರ ನಷ್ಟ ಮಾತ್ರ ಉತ್ಪಾದನೆಯಲ್ಲಿ, ಸರಬರಾಜಿನ ಅವಧಿಯಲ್ಲಿ, ಕೊನೆಗೆ ಲಾಭ-ನಷ್ಟದ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ವೈರಾಣು ಜ್ವರವೊಂದು ಬಂದು ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಎದೆಬಡಿತ, ತಲೆಸುತ್ತು, ಸುಸ್ತು ಮತ್ತು ಏದುಸಿರು ಇಂತಹ ನಷ್ಟದ ಒಂದು ಮುಖ್ಯ ಕಾರಣ. ಕೋವಿಡ್ ನಂತರದ ವರ್ಷಗಳಲ್ಲಿ ಇದು ವೈದ್ಯಲೋಕದ ಗಮನವನ್ನು ವಿಶೇಷವಾಗಿ ಸೆಳೆದಿದೆ.

ಇಂತಹ ರೋಗಿಯ ವಿಷಯದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಇಸಿಜಿ ಸರಿಯಿದೆ ಎಂದೊಡನೆ 'ಕಾಯಿಲೆಯೇನೂ ಇಲ್ಲ, ಮೈಗಳ್ಳತನ' ಎಂದು ಭಾವಿಸಿ ಪೂರ್ತಿ ಕೆಲಸಕ್ಕೆ ಹಚ್ಚುವುದು ಒಂದು. 'ಹೃದಯದ ತೊಂದರೆ, ಅಲುಗಾಡಬೇಡ' ಎಂದು ಹೆದರಿಸಿ ಹಾಸಿಗೆಗೆ ಕಟ್ಟಿಹಾಕುವುದು ಇನ್ನೊಂದು. ಎರಡರಿಂದಲೂ ಕಾಯಿಲೆ ಬೆಳೆಯುತ್ತದೆ. ಇವೆರಡರ ನಡುವೆ ಒಂದು ಹಾದಿಯಿದೆ. ಮೊದಲು ಸರಿಯಾದ ವಿಂಗಡಣೆ, ಆಮೇಲೆ ಅಳತೆಯ ವ್ಯಾಯಾಮ, ಪ್ರತಿ ಹಂತದಲ್ಲಿಯೂ ದಾಖಲೆ. ಇದರ ಬಹುಪಾಲು ಕೆಲಸವನ್ನು ರೋಗಿ ತನ್ನ ಮನೆಯಲ್ಲಿಯೇ ಇದ್ದುಕೊಂಡು, ದೂರದ ವೈದ್ಯರ ಸಲಹೆಯ ಮೇಲೆ ಮಾಡಬಹುದು ಎಂಬುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ತಿಳಿದಿರಬೇಕಾದ ಸಂಗತಿ.

ತೊಂದರೆಯ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯೆ ನೀಡಿತು. ಸೋಂಕು ತಗುಲಿದ ಸುಮಾರು 3 ತಿಂಗಳ ನಂತರ ಕಂಡುಬಂದು, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ರೋಗದಿಂದ ವಿವರಿಸಲಾಗದ ಲಕ್ಷಣಗಳು ಈ ವ್ಯಾಖ್ಯೆಗೆ ಒಳಪಡುತ್ತವೆ. ಜಾಗತಿಕ ಆರೋಗ್ಯ ತುರ್ತುಸ್ಥಿತಿ 2023ರ ಮೇ 5ರಂದು ಮುಗಿಯಿತೆಂದು ಅದೇ ಸಂಸ್ಥೆ ಘೋಷಿಸಿತಾದರೂ ಉಳಿದುಹೋದ ಲಕ್ಷಣಗಳಿಗೆ ಆ ಘೋಷಣೆ ಅನ್ವಯಿಸಲಿಲ್ಲ.

ಹೃದಯಕ್ಕೆ ಸಂಬಂಧಿಸಿದ ಲಕ್ಷಣಗಳಲ್ಲಿ ಹೆಚ್ಚು ಚರ್ಚೆಗೆ ಬಂದಿರುವುದು 'ಪಾಟ್ಸ್' ಎಂಬ ಸ್ಥಿತಿ. ಮಲಗಿದ್ದವರು ಎದ್ದು ನಿಂತ 10 ನಿಮಿಷಗಳೊಳಗೆ, ರಕ್ತದೊತ್ತಡ ಗಣನೀಯವಾಗಿ ಇಳಿಯದಿದ್ದರೂ, ನಾಡಿಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ನಿಲ್ಲುವುದು ಇದರ ಗುರುತು. ಹದಿಹರೆಯದವರಲ್ಲಿ ಈ ಮಿತಿ 40. ಇಂತಹವರಿಗೆ ಕುಳಿತು ಮಾತನಾಡುವಾಗ ತೊಂದರೆ ಕಾಣುವುದಿಲ್ಲ. ಗಲ್ಲಾಪೆಟ್ಟಿಗೆಯ ಬಳಿಯೋ ಯಂತ್ರದ ಮುಂದೆಯೋ ಒಂದು ಗಂಟೆ ನಿಂತರೆ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲಿಡುತ್ತದೆ, ಕಾಲು ಸೋಲುತ್ತದೆ. ನೋಡುವವರಿಗೆ ಕಾಯಿಲೆ ಕಾಣದಿರುವುದೇ ಈ ರೋಗಿಗಳ ದೊಡ್ಡ ಕಷ್ಟ.

ಇದು ಹೊಸ ಕಾಯಿಲೆಯೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂತಹ ಲಕ್ಷಣಗಳನ್ನು ಕಂಡ ಡಾ. ಜೇಕಬ್ ಡಕೋಸ್ಟಾ 1871ರಲ್ಲಿ ಅವುಗಳನ್ನು ವಿವರಿಸಿ ಬರೆದರು. ಅವರ ರೋಗಿಗಳಲ್ಲಿ ಹಲವರಿಗೆ ಜ್ವರ ಬಂದುಹೋದ ಮೇಲೆ ಈ ತೊಂದರೆ ಆರಂಭವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಇಂತಹ ಸೈನಿಕರನ್ನು ಹಾಸಿಗೆಯಲ್ಲಿ ಮಲಗಿಸುವ ಬದಲು ಹಂತಹಂತವಾದ ವ್ಯಾಯಾಮಕ್ಕೆ ಒಳಪಡಿಸಿ, ಯಾರು ಎಷ್ಟು ಕೆಲಸಕ್ಕೆ ಯೋಗ್ಯರೆಂದು ವಿಂಗಡಿಸಿದರು. ಹೆಸರುಗಳು ಬದಲಾಗುತ್ತ ಬಂದಿವೆ, ಪ್ರಶ್ನೆ ಮಾತ್ರ ಅದೇ ಆಗಿದೆ.

ಮೊದಲ ಮೆಟ್ಟಿಲು: ವಿಂಗಡಣೆ

ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ 2022ರಲ್ಲಿ ಪ್ರಕಟಿಸಿದ ತಜ್ಞರ ಮಾರ್ಗಸೂಚಿ ಈ ರೋಗಿಗಳನ್ನು ಎರಡು ಗುಂಪುಗಳಾಗಿ ಬೇರ್ಪಡಿಸುತ್ತದೆ. ಹೃದಯದ ಸ್ನಾಯುವಿನ ಉರಿಯೂತ, ಲಯದ ದೋಷ, ರಕ್ತನಾಳದ ಅಡಚಣೆ ಮುಂತಾಗಿ ಪರೀಕ್ಷೆಯಲ್ಲಿ ಸಿದ್ಧವಾಗುವ ರೋಗ ಉಳ್ಳವರು ಮೊದಲನೆಯ ಗುಂಪು. ಸಾಮಾನ್ಯ ಪರೀಕ್ಷೆಗಳಲ್ಲಿ ಹೃದಯರೋಗ ಕಾಣದಿದ್ದರೂ ಎದೆಬಡಿತ, ಏದುಸಿರು, ವ್ಯಾಯಾಮ ತಾಳದಿರುವಿಕೆ ಉಳಿದವರು ಎರಡನೆಯ ಗುಂಪು.

ಈ ವ್ಯತ್ಯಾಸ ಬಹಳ ಮುಖ್ಯ. ಹೃದಯ ಸ್ನಾಯುವಿನ ಉರಿಯೂತ ಇದ್ದವರು 3ರಿಂದ 6 ತಿಂಗಳ ಕಾಲ ಶ್ರಮದ ವ್ಯಾಯಾಮದಿಂದ ದೂರವಿರಬೇಕೆಂಬುದು ಅದೇ ಮಾರ್ಗಸೂಚಿಯ ಸಲಹೆ. ಎರಡನೆಯ ಗುಂಪಿನವರಿಗಾದರೋ ಸರಿಯಾದ ಅಳತೆಯ ವ್ಯಾಯಾಮ ಚಿಕಿತ್ಸೆಯ ಒಂದು ಭಾಗ. ಒಬ್ಬರಿಗೆ ಔಷಧವಾಗುವುದು ಇನ್ನೊಬ್ಬರಿಗೆ ಅಪಾಯ. ಆದ್ದರಿಂದ ರಕ್ತಪರೀಕ್ಷೆ, ಇಸಿಜಿ, ಎಕೋ, ಅಗತ್ಯವಿದ್ದರೆ ಇಡೀ ದಿನದ ಹೃದಯಲಯದ ದಾಖಲೆ ಮತ್ತು ಶ್ವಾಸಕೋಶದ ಪರೀಕ್ಷೆ ಆಗದ ಹೊರತು ವ್ಯಾಯಾಮ ಆರಂಭಿಸಬಾರದು. ಡೆಂಗ್ಯೂ, ಫ್ಲೂ ಮುಂತಾದ ಇತರ ವೈರಾಣು ಜ್ವರಗಳೂ ಅಪರೂಪಕ್ಕೆ ಹೃದಯದ ಸ್ನಾಯುವನ್ನು ಬಾಧಿಸಬಲ್ಲವಾದ್ದರಿಂದ ಈ ಎಚ್ಚರ ಕೋವಿಡ್‌ಗೆ ಮಾತ್ರ ಸೀಮಿತವಲ್ಲ.

ವಿಂಗಡಣೆಯ ಕೊರತೆಯಿಂದ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ 2025ರಲ್ಲಿ ಕಂಡಿತು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಭಯಗೊಂಡ ಜನರು ತಪಾಸಣೆಗಾಗಿ ಸಾಲುಗಟ್ಟಿದರು. ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆ ವರ್ಷದ ಜುಲೈನಲ್ಲಿ ವರದಿ ನೀಡಿ, ಕೋವಿಡ್ ಸೋಂಕನ್ನಾಗಲಿ ಲಸಿಕೆಯನ್ನಾಗಲಿ ಆ ಸಾವುಗಳಿಗೆ ಏಕೈಕ ಕಾರಣವೆಂದು ಹೇಳಲಾಗದೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನದಂತಹ ಅಂಶಗಳತ್ತ ಗಮನ ಹರಿಸಬೇಕೆಂದೂ ತಿಳಿಸಿತು. ಭಯಪಟ್ಟು ದೊಡ್ಡ ಆಸ್ಪತ್ರೆಗೆ ಧಾವಿಸುವುದಕ್ಕಿಂತ ಊರಿನ ವೈದ್ಯರಲ್ಲಿ ಕ್ರಮವಾಗಿ ತಪಾಸಣೆ ಆರಂಭಿಸುವುದು ಎಲ್ಲರಿಗೂ ಹಿತ.

ಮಲಗಿ ಮಾಡುವ ವ್ಯಾಯಾಮ ಏಕೆ?

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಮಂಡಲ ಕ್ಷಣಮಾತ್ರದಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಿ ಇದನ್ನು ಸರಿದೂಗಿಸುತ್ತದೆ. ಪಾಟ್ಸ್ ಇರುವವರಲ್ಲಿ ಈ ಹೊಂದಾಣಿಕೆ ಕುಂಠಿತವಾಗಿ, ಹೃದಯ ಹೆಚ್ಚು ಸಲ ಬಡಿದು ಕೊರತೆಯನ್ನು ತುಂಬಲು ಹೆಣಗುತ್ತದೆ. ಹೆದರಿ ಮಲಗಿಯೇ ಇದ್ದರೆ ದೇಹದಲ್ಲಿನ ರಕ್ತದ ಪ್ರಮಾಣ ಕುಗ್ಗಿ, ಸ್ನಾಯುಗಳು ಸೊರಗಿ, ತೊಂದರೆ ಇಮ್ಮಡಿಯಾಗುತ್ತದೆ.

ಹಾಸಿಗೆ ಹಿಡಿಯುವುದರ ಬೆಲೆ ಎಷ್ಟೆಂಬುದನ್ನು ಅಮೆರಿಕದ ಡಲ್ಲಾಸ್ ನಗರದ ಒಂದು ಪ್ರಸಿದ್ಧ ಪ್ರಯೋಗ ತೋರಿಸಿತು. 1966ರಲ್ಲಿ 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು 3 ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ದೇಹದ ಸಾಮರ್ಥ್ಯವನ್ನು ಅಳೆಯಲಾಯಿತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 30 ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ 3 ವಾರಗಳ ಹಾಸಿಗೆವಾಸ ಮಾಡಿದ್ದ ಹಾನಿಯೇ ಹೆಚ್ಚೆಂದು ಕಂಡುಬಂತು.

ಅದೇ ನಗರದ ಡಾ. ಬೆಂಜಮಿನ್ ಲೆವಿನ್ ಮತ್ತು ಸಂಗಡಿಗರು ಪಾಟ್ಸ್ ರೋಗಿಗಳಿಗಾಗಿ ಸುಮಾರು 3 ತಿಂಗಳ ವ್ಯಾಯಾಮಕ್ರಮವೊಂದನ್ನು ರೂಪಿಸಿ, 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಆರಂಭದಲ್ಲಿ ನಿಂತು ಮಾಡುವ ವ್ಯಾಯಾಮ ಇರುವುದಿಲ್ಲ. ಒರಗಿ ತುಳಿಯುವ ಸೈಕಲ್, ಕುಳಿತು ಹುಟ್ಟು ಹಾಕುವ ಯಂತ್ರ, ಈಜು ಇವುಗಳಿಂದ ಆರಂಭಿಸಿ, ಕಾಲಿನ ಸ್ನಾಯುಗಳನ್ನು ಬಲಪಡಿಸಿ, ಕೊನೆಯ ಹಂತದಲ್ಲಿ ಮಾತ್ರ ನಡಿಗೆಗೆ ಬರುವುದು ಇದರ ಕ್ರಮ. 2022ರ ಮಾರ್ಗಸೂಚಿಯೂ ದಿನಕ್ಕೆ 5ರಿಂದ 10 ನಿಮಿಷಗಳಿಂದ ಆರಂಭಿಸಿ ನಿಧಾನವಾಗಿ ಏರಿಸಲು ಹೇಳುತ್ತದೆ. ಯಂತ್ರಗಳಿಲ್ಲದ ಮನೆಯಲ್ಲಿ ಚಾಪೆಯ ಮೇಲೆ ಮಲಗಿ ಪಾದಗಳನ್ನು ಹಿಂದುಮುಂದಾಗಿ ಆಡಿಸುವುದು, ಒಂದೊಂದೇ ಕಾಲನ್ನು ಎತ್ತುವುದು, ಮೊಣಕಾಲು ಮಡಿಸಿ ಸೊಂಟ ಎತ್ತುವುದು, ಕುರ್ಚಿಯಲ್ಲಿ ಕುಳಿತು ಕಾಲು ಚಾಚುವುದು ಮುಂತಾದವನ್ನು ಫಿಸಿಯೋಥೆರಪಿ ತಜ್ಞರು ಆಯ್ದು ಕೊಡಬಲ್ಲರು. ನೀರು ಮತ್ತು ಉಪ್ಪನ್ನು ಹೆಚ್ಚಿಸುವ ಸಲಹೆ ಕೆಲವರಿಗೆ ಇರುತ್ತದೆ. ಆದರೆ ರಕ್ತದೊತ್ತಡ ಅಥವಾ ಮೂತ್ರಪಿಂಡದ ದೋಷ ಇದ್ದವರಿಗೆ ಅದು ಹಾನಿಕರವಾದ್ದರಿಂದ ವೈದ್ಯರು ಹೇಳದೆ ಮಾಡಬಾರದು.

ದೂರದಿಂದ ನಡೆದ ಪ್ರಯೋಗಗಳ ಲೆಕ್ಕ

ದಿನವೂ ಆಸ್ಪತ್ರೆಗೆ ಹೋಗಿ ಬರುವ ಶ್ರಮವೇ ಇಂತಹ ರೋಗಿಯ ಒಂದು ದಿನದ ಶಕ್ತಿಯನ್ನು ನುಂಗಿಬಿಡುತ್ತದೆ. ಆದ್ದರಿಂದಲೇ ದೂರದ ಆರೈಕೆ ಇಲ್ಲಿ ಅನುಕೂಲ ಮಾತ್ರವಲ್ಲ, ಚಿಕಿತ್ಸೆಯ ಅಂಗವೂ ಹೌದು. ಡಲ್ಲಾಸ್ ತಂಡದ ವ್ಯಾಯಾಮಕ್ರಮವನ್ನು ರೋಗಿಗಳು ತಮ್ಮ ತಮ್ಮ ಊರಿನಲ್ಲಿಯೇ, ತಮ್ಮ ವೈದ್ಯರ ಮೇಲ್ವಿಚಾರಣೆಯಲ್ಲಿ ಅನುಸರಿಸಿದ ಪ್ರಯೋಗದ ವರದಿ 2016ರಲ್ಲಿ ಪ್ರಕಟವಾಯಿತು. ಸೇರಿದವರು 251 ಮಂದಿ, ಪೂರ್ಣಗೊಳಿಸಿದವರು 103 ಮಂದಿ. ಪೂರ್ಣಗೊಳಿಸಿದವರಲ್ಲಿ ಶೇ. 71ರಷ್ಟು ಜನರಿಗೆ ಪಾಟ್ಸ್ ಲಕ್ಷಣದ ಅಳತೆ ಅನ್ವಯವಾಗದಷ್ಟು ಸುಧಾರಣೆ ಕಂಡಿತು.

ಈ ಅಂಕಿಯನ್ನು ವ್ಯವಹಾರಸ್ಥರು ತಮ್ಮ ಅಭ್ಯಾಸದಂತೆ ಎರಡು ಬಗೆಯಲ್ಲಿ ಓದಬೇಕು. 103ರ ಮೇಲೆ ಶೇ. 71 ಎಂದರೆ ಸುಮಾರು 73 ಮಂದಿ. ಅದನ್ನು ಸೇರಿದ 251ರ ಮೇಲೆ ಹಾಕಿದರೆ ಶೇ. 29 ಮಾತ್ರ. ಕ್ರಮ ಮುಗಿಸಿದವರಲ್ಲಿ ಬಹುಮಂದಿಗೆ ಫಲ ದೊರೆತಿದೆ, ಆದರೆ ಮುಗಿಸುವುದೇ ಕಷ್ಟ. ಮನೆಯವರ ಮತ್ತು ಮಾಲೀಕರ ಬೆಂಬಲಕ್ಕೆ ಇರುವ ಬೆಲೆ ಈ ಎರಡು ಅಂಕಿಗಳ ನಡುವಣ ಅಂತರದಲ್ಲಿದೆ.

ಎರಡನೆಯದು ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾನಿಲಯದ ನೇತೃತ್ವದ 'ರೀಗೇನ್' ಪ್ರಯೋಗ. ಕೋವಿಡ್‌ನಿಂದ ಆಸ್ಪತ್ರೆ ಸೇರಿ ಬಿಡುಗಡೆಯಾಗಿ 3 ತಿಂಗಳಾದರೂ ಚೇತರಿಸಿಕೊಳ್ಳದ 585 ಮಂದಿ ಇದರಲ್ಲಿದ್ದರು. ಒಂದು ಗುಂಪಿನವರಿಗೆ 8 ವಾರಗಳ ಕಾಲ, ವಾರಕ್ಕೊಮ್ಮೆ ಅಂತರಜಾಲದ ಮೂಲಕ ನೇರ ಮಾರ್ಗದರ್ಶನದಲ್ಲಿ ವ್ಯಾಯಾಮ ಮತ್ತು ಮಾನಸಿಕ ಬೆಂಬಲ ದೊರೆಯಿತು. ಇನ್ನೊಂದು ಗುಂಪಿನವರಿಗೆ ಒಂದೇ ಸಲದ ಸಲಹೆ. 2024ರ ಫೆಬ್ರವರಿಯಲ್ಲಿ ಬಂದ ವರದಿಯ ಪ್ರಕಾರ, ಮೊದಲನೆಯ ಗುಂಪಿನವರ ಜೀವನಮಟ್ಟ 3 ತಿಂಗಳಲ್ಲಿ ಸುಧಾರಿಸಿ, 12 ತಿಂಗಳಲ್ಲಿಯೂ ಉಳಿದಿತ್ತು. ಸುಧಾರಣೆಯ ಪ್ರಮಾಣ ದೊಡ್ಡದಲ್ಲ. ಇಲ್ಲಿಯೂ ಕ್ರಮವನ್ನು ಪೂರ್ಣವಾಗಿ ಪಾಲಿಸಿದವರು ಸುಮಾರು ಅರ್ಧದಷ್ಟು ಮಂದಿ.

ವ್ಯಾಯಾಮ ಹಾನಿ ಮಾಡುವ ಸಂದರ್ಭ

ಕೆಲವು ರೋಗಿಗಳಲ್ಲಿ ಶ್ರಮದ ಪರಿಣಾಮ ಆಗಿಂದಾಗ್ಗೆ ಕಾಣದೆ, 12ರಿಂದ 72 ಗಂಟೆಗಳ ನಂತರ ಕುಸಿತದ ರೂಪದಲ್ಲಿ ಬರುತ್ತದೆ. ಸೋಮವಾರ ಉತ್ಸಾಹದಿಂದ ದುಡಿದವರು ಬುಧವಾರ ಏಳಲಾರರು. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇಂತಹ 25 ರೋಗಿಗಳನ್ನು ಪರೀಕ್ಷಿಸಿ, ಶ್ರಮದ ನಂತರ ಅವರ ಸ್ನಾಯುಗಳಲ್ಲಿ ನಿಜವಾದ ಬದಲಾವಣೆಗಳು ಆಗುತ್ತವೆಂದು 2024ರ ಜನವರಿಯಲ್ಲಿ ವರದಿ ಮಾಡಿದರು. ಬ್ರಿಟನ್ನಿನ 'ನೈಸ್' ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ, ಇದೇ ಬಗೆಯ ಕುಸಿತ ಮುಖ್ಯ ಲಕ್ಷಣವಾಗಿರುವ ದೀರ್ಘಕಾಲದ ಆಯಾಸದ ಕಾಯಿಲೆಗೆ, ನಿಗದಿತ ಪ್ರಮಾಣದಲ್ಲಿ ಏರಿಸುತ್ತ ಹೋಗುವ ವ್ಯಾಯಾಮ ಚಿಕಿತ್ಸೆಯನ್ನು ಕೊಡಬಾರದೆಂದು ತನ್ನ ಮಾರ್ಗಸೂಚಿಯನ್ನು ಬದಲಿಸಿತು.

ಇಂತಹವರಿಗೆ ಸೂತ್ರ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೇ ಅದರ ತಿರುಳು. ಇಂದಿನ ಶಕ್ತಿಯ ಮಿತಿಯೊಳಗೆ ಕೆಲಸವನ್ನು ಹಂಚಿಕೊಂಡು, ನಾಳೆಯ ಶಕ್ತಿಯನ್ನು ಸಾಲ ಪಡೆಯದಿರುವುದು. ದುಡಿಯುವ ಬಂಡವಾಳ ಕಡಿಮೆಯಿರುವ ವರ್ತಕರು ತೆಗೆದುಕೊಳ್ಳುವ ಎಚ್ಚರಿಕೆಯೇ ಇಲ್ಲಿಯೂ ಬೇಕು. ಇನ್ನು ಶ್ರಮಪಟ್ಟಾಗ ಎದೆನೋವು, ಶ್ರಮದ ನಡುವೆ ಪ್ರಜ್ಞೆ ತಪ್ಪುವುದು, ಸುಮ್ಮನಿದ್ದಾಗಲೂ ಉಸಿರುಗಟ್ಟುವುದು, ಕಾಲುಗಳ ಊತ ಇವುಗಳಲ್ಲಿ ಯಾವುದು ಕಂಡರೂ ದೂರವಾಣಿಯ ಸಲಹೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿರುವ ವ್ಯವಸ್ಥೆ

ದೂರದ ವೈದ್ಯಕೀಯ ಸೇವೆ ಕರ್ನಾಟಕಕ್ಕೆ ಹೊಸದಲ್ಲ. 2000ದ ದಶಕದ ಆರಂಭದಲ್ಲಿಯೇ ಇಸ್ರೋ ಉಪಗ್ರಹ ಸಂಪರ್ಕದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ಹೃದ್ರೋಗಿಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರು ನೋಡತೊಡಗಿದ್ದರು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ಪ್ರಕಟವಾಗಿ, ನೋಂದಾಯಿತ ವೈದ್ಯರು ದೃಶ್ಯ, ಧ್ವನಿ ಅಥವಾ ಬರಹದ ಮೂಲಕ ಸಲಹೆ ನೀಡುವುದಕ್ಕೆ ಸ್ಪಷ್ಟ ನಿಯಮಗಳು ದೊರೆತವು. ವೈದ್ಯರು ದಾಖಲೆ ಇಡಬೇಕು, ಪಡೆದ ಶುಲ್ಕಕ್ಕೆ ರಸೀದಿ ನೀಡಬೇಕು ಎಂಬುದೂ ಅವುಗಳಲ್ಲಿ ಸೇರಿದೆ. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆ ರೋಗಿಗಳಿಗೆ ಮನೆಯಿಂದಲೇ ಉಚಿತವಾಗಿ ದೊರೆಯತೊಡಗಿತು. ವೈದ್ಯರ ಭೇಟಿಯ ವೆಚ್ಚವನ್ನು ಭರಿಸುವ ಪಾಲಿಸಿಗಳಲ್ಲಿ ಟೆಲಿಮೆಡಿಸಿನ್ ವೆಚ್ಚವನ್ನೂ ಪರಿಗಣಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಜೂನ್‌ನಲ್ಲಿ ಸೂಚಿಸಿತು. ವಿಮೆ ಇರುವವರು ಈ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.

ಬೇಕಾದ ಉಪಕರಣಗಳೂ ದುಬಾರಿಯಲ್ಲ. ರಕ್ತದೊತ್ತಡ ಅಳೆಯುವ ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ಗೋಡೆ ಗಡಿಯಾರ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. 2021ರ ಜುಲೈ 20ರಿಂದ ಆಕ್ಸಿಮೀಟರ್, ರಕ್ತದೊತ್ತಡ ಮಾಪಕ ಸೇರಿದಂತೆ 5 ಉಪಕರಣಗಳ ವ್ಯಾಪಾರದ ಲಾಭಾಂಶಕ್ಕೆ ಶೇ. 70ರ ಮಿತಿ ಹಾಕಿದ್ದು ಔಷಧ ವರ್ತಕರಿಗೆ ನೆನಪಿರಬಹುದು. ಆ ಕಾಲದಲ್ಲಿ ಕೊಂಡ ಉಪಕರಣಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಇಂದಿಗೂ ಇವೆ. ಬ್ಯಾಟರಿ ಬದಲಿಸಿದರೆ ಕೆಲಸಕ್ಕೆ ಬರುತ್ತವೆ.

ದಾಖಲೆಯ ಕ್ರಮ ಹೀಗೆ: ಬೆಳಿಗ್ಗೆ 5ರಿಂದ 10 ನಿಮಿಷ ಮಲಗಿ ನಾಡಿ ಮತ್ತು ರಕ್ತದೊತ್ತಡ ಬರೆಯಬೇಕು. ನಂತರ ಗೋಡೆಗೆ ಒರಗಿ ನಿಂತು, 10 ನಿಮಿಷಗಳವರೆಗೆ ನಿಮಿಷಕ್ಕೊಮ್ಮೆ ನಾಡಿ ಬರೆಯಬೇಕು. ಬೀಳುವ ಸಂಭವವಿರುವುದರಿಂದ ಜೊತೆಯಲ್ಲಿ ಒಬ್ಬರು ಇರಲೇಬೇಕು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ವ್ಯಾಯಾಮದ ನಿಮಿಷಗಳು, ಅಂದಿನ ಕೆಲಸದ ಗಂಟೆಗಳು, ಮರುದಿನ ಮತ್ತು ಮೂರನೆಯ ದಿನದ ಸ್ಥಿತಿ ಇವಕ್ಕೆ ಒಂದೊಂದು ಕಲಮು. ಕೈಗಡಿಯಾರದ ಮಾದರಿಯ ಉಪಕರಣಗಳು ಚಲನೆಯ ಸಮಯದಲ್ಲಿ ತಪ್ಪು ತೋರಿಸುವುದುಂಟು. ಸಂಶಯ ಬಂದರೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಇಂತಹ ಎರಡು ವಾರಗಳ ದಾಖಲೆ ಕೈಯಲ್ಲಿದ್ದರೆ ನೂರು ಮೈಲಿ ದೂರದ ತಜ್ಞರೂ ರೋಗಿಯ ಸ್ಥಿತಿಯನ್ನು ಅರಿಯಬಲ್ಲರು.

ಉದ್ದಿಮೆದಾರರ ಹೊಣೆ

ಇಎಸ್‌ಐ ವ್ಯಾಪ್ತಿಗೆ ಒಳಪಟ್ಟ ಕಾರ್ಮಿಕರಿಗೆ, 6 ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಕಾಯಿಲೆ ಸೌಲಭ್ಯ ದೊರೆಯುತ್ತದೆ. 2019ರ ಜುಲೈನಿಂದ ಮಾಲೀಕರ ವಂತಿಗೆ ಶೇ. 3.25, ಕಾರ್ಮಿಕರದು ಶೇ. 0.75. ಉದಾಹರಣೆಗೆ, ತಿಂಗಳಿಗೆ 20,000 ರೂಪಾಯಿ ವೇತನದ ಲೇತ್ ಕೆಲಸಗಾರರೊಬ್ಬರಿಗೆ ದಿನಕ್ಕೆ ಅಂದಾಜು 467 ರೂಪಾಯಿಯಂತೆ 91 ದಿನಗಳಿಗೆ ಸುಮಾರು 42,500 ರೂಪಾಯಿ ಬರುತ್ತದೆ. ವಂತಿಗೆಯನ್ನು ಸಕಾಲಕ್ಕೆ ಕಟ್ಟದ ಕಾರ್ಖಾನೆಯ ಕಾರ್ಮಿಕರು ಈ ಹಣ ಬೇಕಾದ ಹೊತ್ತಿನಲ್ಲಿಯೇ ಅಲೆದಾಡಬೇಕಾಗುತ್ತದೆ.

ಆದರೆ 91 ದಿನ ಎಂದರೆ ಮೂರು ತಿಂಗಳು. ವ್ಯಾಯಾಮಕ್ರಮ ಮುಗಿಯುವುದಕ್ಕೇ ಅಷ್ಟು ಕಾಲ ಬೇಕು. ಆದ್ದರಿಂದ ರಜೆಯೊಂದನ್ನೇ ನೆಚ್ಚದೆ, ವೈದ್ಯರ ಒಪ್ಪಿಗೆಯ ಮೇಲೆ ಕೆಲಸಕ್ಕೆ ಹಂತಹಂತವಾಗಿ ಮರಳುವ ಏರ್ಪಾಡು ಮಾಡುವುದು ಎರಡೂ ಕಡೆಗೆ ಲಾಭ. ನಿಂತು ಮಾಡುವ ಕೆಲಸದ ಬದಲು ಕೆಲಕಾಲ ಕುಳಿತು ಮಾಡುವ ತಪಾಸಣೆ, ಪ್ಯಾಕಿಂಗ್ ಅಥವಾ ದಾಸ್ತಾನು ಬರೆಯುವ ಕೆಲಸ, ಕುಲುಮೆಯ ಬಿಸಿಯಿಂದ ದೂರ, ಯಂತ್ರದ ಬಳಿ ಒಂದು ಎತ್ತರದ ಸ್ಟೂಲು, ನೀರಿನ ಬಾಟಲಿ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಅವಕಾಶ, ವಾರಕ್ಕೊಮ್ಮೆ ವೈದ್ಯರೊಂದಿಗೆ ಮಾತನಾಡಲು ಬಿಡುವು. ಇವುಗಳ ಒಟ್ಟು ಖರ್ಚು ಹೊಸ ಕೆಲಸಗಾರರನ್ನು ಹುಡುಕಿ ತರಬೇತಿ ನೀಡುವ ಖರ್ಚಿನ ಮುಂದೆ ಅಲ್ಪ. ತಲೆಸುತ್ತು ಇರುವವರನ್ನು ತಿರುಗುವ ಯಂತ್ರದ ಮುಂದೆ, ಏಣಿಯ ಮೇಲೆ ಅಥವಾ ವಾಹನ ಚಾಲನೆಗೆ ಹಾಕಬಾರದು. ಅಪಘಾತವಾದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ರೋಗದ ವಿವರ ಕಾರ್ಮಿಕರ ಸ್ವಂತ ಸಂಗತಿ. ಮಾಲೀಕರಿಗೆ ಬೇಕಾದುದು ಎಷ್ಟು ಹೊತ್ತು, ಯಾವ ಬಗೆಯ ಕೆಲಸ ಮಾಡಬಹುದೆಂಬ ವೈದ್ಯರ ಶಿಫಾರಸು ಮಾತ್ರ.

ಒಬ್ಬರೇ ನಡೆಸುವ ಅಂಗಡಿ ಅಥವಾ ಸಣ್ಣ ಘಟಕದ ಮಾಲೀಕರ ಪರಿಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅವರಿಗೆ ಇಎಸ್‌ಐ ಇಲ್ಲ, ರಜೆಯೂ ಇಲ್ಲ. ಬಾಗಿಲು ಮುಚ್ಚಿದರೆ ಗಿರಾಕಿ ಬೇರೆಡೆಗೆ ಹೋಗುವ ಭಯದಿಂದ ಎದೆಬಡಿತವನ್ನು ನುಂಗಿಕೊಂಡು ನಿಲ್ಲುವವರು ಇವರೇ. ಬ್ಯಾಂಕಿನ ವ್ಯವಹಾರಕ್ಕೆ ಇನ್ನೊಬ್ಬರಿಗೆ ಅಧಿಕಾರ ಕೊಟ್ಟಿಡುವುದು, ಜಿಎಸ್‌ಟಿ ರಿಟರ್ನ್ ಮತ್ತು ಸಾಲದ ಕಂತುಗಳ ದಿನಾಂಕಗಳನ್ನು ಮನೆಯವರಿಗೆ ತಿಳಿಸಿಡುವುದು, ಆರೋಗ್ಯ ವಿಮೆಯನ್ನು ಕಾಯಿಲೆಗೆ ಮೊದಲೇ ಮಾಡಿಸಿಡುವುದು ಇಂತಹವರ ಮೊದಲ ಮುನ್ನೆಚ್ಚರಿಕೆಯಾಗಬೇಕು.

ಕೆಟ್ಟ ಯಂತ್ರವನ್ನು ಯಾವ ಉದ್ದಿಮೆದಾರರೂ ದೋಷ ತಿಳಿಯದೆ ಪೂರ್ಣ ವೇಗದಲ್ಲಿ ಓಡಿಸುವುದಿಲ್ಲ, ದೋಷ ತಿಳಿದ ಮೇಲೆ ತುಕ್ಕು ಹಿಡಿಯಲು ಬಿಡುವುದೂ ಇಲ್ಲ. ದುರಸ್ತಿ ಮಾಡಿ, ನಿಧಾನವಾಗಿ ಚಾಲನೆ ಕೊಟ್ಟು, ಮಾಪಕದ ಮೇಲೆ ಕಣ್ಣಿಟ್ಟು ವೇಗ ಏರಿಸುತ್ತಾರೆ. ಜ್ವರದಿಂದ ಎದ್ದ ಮನುಷ್ಯರಿಗೂ ಅಷ್ಟೇ ವಿವೇಚನೆ ಸಲ್ಲಬೇಕು. ತಪಾಸಣೆಗೆ ಒಂದು ದಿನ, ವ್ಯಾಯಾಮಕ್ಕೆ ದಿನಕ್ಕೆ ಹತ್ತು ನಿಮಿಷ, ದಾಖಲೆಗೆ ಒಂದು ನೋಟ್‌ಬುಕ್, ಚೇತರಿಕೆಗೆ ಕೆಲವು ತಿಂಗಳ ತಾಳ್ಮೆ. ಸದಸ್ಯರು ತಮ್ಮ ಸಂಸ್ಥೆಗಳಲ್ಲಿ ಇಷ್ಟನ್ನು ಒದಗಿಸಿದರೆ, ವರ್ಷಗಳ ಅನುಭವವುಳ್ಳ ಕೈಗಳು ಕೆಲಸ ಬಿಟ್ಟುಹೋಗುವುದನ್ನು ತಪ್ಪಿಸಬಹುದು.